ನ್ಯೂಯಾರ್ಕಿನಲ್ಲಿ ಒಳ್ಳೆ ಪಿಜ್ಜಾ ಎಲ್ಲಿ, ಗುರುತಿಸೋದು ಹೇಗೆ?

ಬಸವನಗುಡಿ_ಬಾಲು

ನ್ಯೂಯಾರ್ಕಿನಲ್ಲಿ ನಾಲ್ಕು ದಿನ, ಬಿಡಾರ ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಹತ್ತಿರ. ಒಟ್ಟು ನಾಲ್ಕು ಜನ. ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಆಗಲ್ಲ. 'ಟಾಪ್ 10' ಪಟ್ಟಿ ನೋಡಿದರೆ ಒಂದರಲ್ಲಿ ಮೊದಲು ಇರೋದು ಇನ್ನೊಂದರಲ್ಲಿ ಪತ್ತೆಯೇ ಇಲ್ಲ. ಅಂಗಡಿ ಹೆಸರುಗಳ ಜೊತೆಗೆ, ಅಂಗಡಿ ಮುಂದೆ ನಿಂತಾಗ ಒಳಗೆ ಹೋಗಬಹುದೋ ಬೇಡವೋ ಅಂತ ತಿಳಿಯೋದು ಹೇಗೆ ಅನ್ನೋದನ್ನೂ ಹೇಳಿ. ವೆಜ್ ವಿಷಯದಲ್ಲಿ ಏನೇನು ಕೇಳಿಕೊಳ್ಳಬೇಕು?

ಹಡ್ಸನ್_ದಂಡೆ

ಆ ಪಟ್ಟಿಗಳು ತಾಳೆಯಾಗಲ್ಲ ಬಾಲು ಅವರೇ. ಮಸಾಲೆ ದೋಸೆ, ಸೆಟ್ ದೋಸೆ, ನೀರು ದೋಸೆ ಮೂರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ನಂಬರ್ ಕೊಟ್ಟ ಹಾಗೆ ಅವು. ಮೊದಲು ಯಾವ ಜಾತಿಯ ಪಿಜ್ಜಾ ಬೇಕು ಅಂತ ತೀರ್ಮಾನ ಮಾಡಿ.

ಒಂದು, ಸ್ಲೈಸ್ ಅಂಗಡಿ. 18 ಇಂಚಿನ ಇಡೀ ಪಿಜ್ಜಾ (ಅಲ್ಲಿ ಅದಕ್ಕೆ 'ಪೈ' ಅನ್ನೋದು) ಎಂಟು ತುಂಡಾಗಿ ಕೌಂಟರ್ ಗಾಜಿನ ಹಿಂದೆ ಕೂತಿರುತ್ತೆ. ನೀವು ತೋರಿಸಿದ ತುಂಡನ್ನ ಗ್ಯಾಸ್ ಡೆಕ್ ಓವನ್ನಿಗೆ (ಕಲ್ಲಿನ ಹಾಸಿರೋ ಓವನ್) ಮತ್ತೆ ತಳ್ಳಿ ಒಂದೆರಡು ನಿಮಿಷ ಬಿಸಿ ಮಾಡಿ ಕಾಗದದ ತಟ್ಟೆ ಮೇಲೆ ಕೊಡ್ತಾರೆ. ನಿಂತು ತಿನ್ನೋದು, ಹೋಗೋದು. ನಮ್ಮ ದರ್ಶಿನಿಯ ಲೆಕ್ಕವೇ. ಓವನ್ ಶಾಖ 260ರಿಂದ 300 ಡಿಗ್ರಿ ಸೆಲ್ಸಿಯಸ್, ಇಡೀ ಪೈ ಬೇಯಲು 6-8 ನಿಮಿಷ.

ಎರಡು, ಕಲ್ಲಿದ್ದಲಿನ ಒಲೆ. 430 ಡಿಗ್ರಿ ಆಸುಪಾಸು, ಮೂರ್ನಾಲ್ಕು ನಿಮಿಷ. ಬಹುತೇಕ ಕಡೆ ಇಡೀ ಪೈ ಮಾತ್ರ, ಸ್ಲೈಸ್ ಮಾರಲ್ಲ.

ಮೂರು, ನೇಪಲ್ಸ್ ಶೈಲಿ. ಸೌದೆ ಒಲೆ, 60ರಿಂದ 90 ಸೆಕೆಂಡ್, ನಡುವೆ ಮೆತ್ತಗೆ, ಒದ್ದೆ ಒದ್ದೆ. ಚೆನ್ನಾಗಿರುತ್ತೆ, ಆದರೆ ಅದು ಬೇರೆ ಊರುಗಳಲ್ಲೂ ಸಿಗುತ್ತೆ. ನಾಲ್ಕೇ ದಿನ ಇದ್ದರೆ ಅದನ್ನ ಬಿಡಬಹುದು.

ಇನ್ನು ಚೌಕ ಸ್ಲೈಸ್. ಸಿಸಿಲಿಯನ್ ಅಂದರೆ ತಟ್ಟೆಯಲ್ಲೇ ಹುದುಗು ಬರಿಸಿದ ದಪ್ಪನೆಯದು. ಗ್ರಾಂಡ್ಮಾ ಅಂದರೆ ಅದೇ ತಟ್ಟೆ, ಆದರೆ ಹಿಟ್ಟನ್ನ ಹರಡಿ ಎರಡನೇ ಸಲ ಉಬ್ಬಲು ಬಿಡದೆ ಬೇಯಿಸಿದ್ದು, ಹಾಗಾಗಿ ತೆಳು. ಚೀಸ್ ಕೆಳಗೆ, ಟೊಮೆಟೊ ಮೇಲೆ ಪಟ್ಟೆ ಪಟ್ಟೆಯಾಗಿ. ಎರಡನ್ನೂ ಒಂದೇ ಅಂತ ಮಾರೋ ಅಂಗಡಿಗಳಿವೆ. ತುಂಡಿನ ಪಕ್ಕದಿಂದ ದಪ್ಪ ನೋಡಿದರೆ ತಿಳಿಯುತ್ತೆ.

ಮೈದಾ_ಮಾಸ್ತರು

ಅಂಗಡಿ ಮುಂದೆ ನಿಂತಾಗ ಏನು ನೋಡಬೇಕು ಅಂತ ಕೇಳಿದ್ದೀರಿ, ಅದಕ್ಕೆ ಉತ್ತರ.

ಮೊದಲ ಸಲ ಯಾವ ಅಂಗಡಿಗೆ ಹೋದರೂ ಬರೀ ಪ್ಲೇನ್ ಸ್ಲೈಸ್ ತಗೊಳ್ಳಿ. ಹಿಟ್ಟು, ಟೊಮೆಟೊ, ಚೀಸ್ ಮೂರೇ. ಮೇಲೆ ತರಕಾರಿ ಗುಡ್ಡೆ ಹಾಕಿದರೆ ತಪ್ಪುಗಳೆಲ್ಲ ಅದರಡಿ ಮುಚ್ಚಿಹೋಗ್ತವೆ.

ಗಾಜಿನ ಹಿಂದೆ ನೋಡಿ. ಹತ್ತು ಹದಿನೈದು ಬಗೆ ಇಟ್ಟು, ಒಂದೊಂದರಲ್ಲೂ ಎರಡೆರಡು ತುಂಡು ಮಾತ್ರ ಖರ್ಚಾಗಿದ್ದರೆ ಆ ತುಂಡುಗಳು ಗಂಟೆಗಟ್ಟಲೆ ಕೂತಿವೆ ಅಂತ ಅರ್ಥ. ಚೀಸ್ ಮೇಲ್ಮೈ ಒಣಗಿ ಮೇಣದ ಥರ ಹೊಳಪಿಲ್ಲದೆ ಇರುತ್ತೆ, ತುಂಡಿನ ತುದಿ ಮೇಲಕ್ಕೆ ಸುರುಳಿ ಆಗಿರುತ್ತೆ. ನಾಲ್ಕೈದೇ ಬಗೆ ಇದ್ದು, ಪ್ಲೇನ್ ಪೈ ಪದೇ ಪದೇ ಖಾಲಿಯಾಗಿ ಹೊಸದು ಬರ್ತಿದ್ದರೆ ಒಳಗೆ ಹೋಗಿ. 'ಈಗಷ್ಟೇ ಯಾವುದು ಬಂತು' ಅಂತ ಕೇಳಿ, ಅದನ್ನೇ ತಗೊಳ್ಳಿ. ಯಾರೂ ತಪ್ಪು ತಿಳಿಯಲ್ಲ.

ತುಂಡು ಕೈಗೆ ಬಂದ ಮೇಲೆ ತಿರುಗಿಸಿ ತಳ ನೋಡಿ. ಕಾವಲಿ ಮೇಲಿನ ದೋಸೆ ತಳದ ಹಾಗೆ ಹೊಂಬಣ್ಣ, ಅಲ್ಲಲ್ಲಿ ಕಂದು ಚುಕ್ಕೆ ಇರಬೇಕು. ಬಿಳಿಚಿಕೊಂಡಿದ್ದರೆ ಡೆಕ್ ಕಲ್ಲು ಕಾದಿರಲಿಲ್ಲ. ಕಪ್ಪು ಪುಡಿ ಬೆರಳಿಗೆ ಹತ್ತಿದರೆ ಅದು ಹುರಿದು ಸೀದ ಒಣ ಹಿಟ್ಟು, ಕಹಿ. ತಳದಲ್ಲಿ ಸಣ್ಣ ಸಣ್ಣ ವೃತ್ತಗಳ ಅಥವಾ ಜಾಲರಿಯ ಅಚ್ಚು ಕಂಡರೆ ಕಲ್ಲಿನ ಮೇಲೆ ನೇರ ಬೇಯಿಸಿಲ್ಲ, ಜಾಲರಿ ತಟ್ಟೆ ಮೇಲೆ ಬೇಯಿಸಿದ್ದು.

ಆಮೇಲೆ ಉದ್ದಕ್ಕೆ ಮಡಿಸಿ. ತುಂಡು ಅಡ್ಡಕ್ಕೆ ಬಾಗಿದಾಗ ಉದ್ದಕ್ಕೆ ಬಾಗೋದು ನಿಲ್ಲುತ್ತೆ, ಹಾಗಾಗಿ ತುದಿ ಜೋತು ಬೀಳಲ್ಲ. (ಗಣಿತದವರು ಇದಕ್ಕೆ ಗೌಸ್‌ನ ಪ್ರಮೇಯ ಹೇಳ್ತಾರೆ. ಬಾಳೆಎಲೆ ತುಂಡು ಹಿಡಿದವರಿಗೆ ಪ್ರಮೇಯ ಬೇಕಿಲ್ಲ.) ಮಡಿಸಿದ ಗೆರೆಯಲ್ಲಿ ತಳ ಸಣ್ಣಗೆ ಚಟಪಟ ಅನ್ನಬೇಕು, ಆದರೆ ಎರಡಾಗಿ ಮುರೀಬಾರದು. ಮುರಿದರೆ ಹೆಚ್ಚು ಹೊತ್ತು ಬೇಯಿಸಿ ಒಣಗಿಸಿದ್ದಾರೆ. ಸದ್ದೇ ಇಲ್ಲದೆ ಚಪಾತಿ ಹಾಗೆ ಮಡಿಸಿಕೊಂಡರೆ ಅರೆಬೆಂದಿದೆ.

ಕಚ್ಚಿದ ಜಾಗವನ್ನ ಪಕ್ಕದಿಂದ ನೋಡಿ. ಬ್ರೆಡ್ಡಿಗೂ ಸಾಸಿಗೂ ನಡುವೆ ಬೂದು ಬಣ್ಣದ ಅಂಟಂಟು ಗೆರೆ ಇದ್ದರೆ ಅದು ಬೇಯದ ಹಿಟ್ಟು. ಕಾರಣ ಮೂರರಲ್ಲಿ ಒಂದು: ಸಾಸು ಹೆಚ್ಚಾಗಿದೆ, ಫ್ರಿಜ್ಜಿಂದ ತೆಗೆದ ತಣ್ಣನೆ ಹಿಟ್ಟನ್ನೇ ಹರಡಿದ್ದಾರೆ, ಇಲ್ಲವೇ ಚೀಸ್ ಕಂದಾಯಿತು ಅಂತ ಬೇಗ ಹೊರಗೆ ಎಳೆದಿದ್ದಾರೆ.

ಅಂಚಿನ ಮೇಲೆ ಸಣ್ಣ ಗುಳ್ಳೆಗಳಿದ್ದರೆ ಒಳ್ಳೇದು. ಹಿಟ್ಟು 24ರಿಂದ 72 ಗಂಟೆ ತಣ್ಣಗೆ ಹುದುಗಿದ್ದರೆ ಅವು ಬರ್ತವೆ, ರುಚಿಯೂ ಆಗ ಬರೋದು. ಅವತ್ತೇ ನಾದಿ ಅವತ್ತೇ ಸುಟ್ಟ ಹಿಟ್ಟಿನ ಅಂಚು ನುಣ್ಣಗೆ, ಒಂದೇ ಬಣ್ಣ, ಕಚ್ಚಿದರೆ ಸಪ್ಪೆ. ತಿನ್ನುವವರು ಅಂಚನ್ನ ತಟ್ಟೆಯಲ್ಲೇ ಬಿಟ್ಟು ಹೋಗ್ತಿದ್ದಾರಾ ಅಂತ ಕಸದ ಬುಟ್ಟಿ ಕಡೆ ಒಂದು ಕಣ್ಣು ಹಾಯಿಸಿ. ಅದಕ್ಕಿಂತ ನಿಜ ಹೇಳೋ ವಿಮರ್ಶೆ ಇಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಸ್ಲೈಸ್ ಸ್ಲೈಸ್ ಅಂತ ಎಲ್ಲಾರೂ ಅಲ್ಲೇ ನಿಂತೀರಿ. ಆ ಊರಿನ ಪಿಜ್ಜಾ ಶುರು ಆಗಿದ್ದು ಕಲ್ಲಿದ್ದಲ ಒಲಿಯೊಳಗ್ರಿ. ಲೊಂಬಾರ್ಡಿಸ್ 1905, ಕೋನಿ ಐಲ್ಯಾಂಡಿನ ಟೊಟೊನ್ನೋಸ್ 1924, ಬ್ಲೀಕರ್ ಸ್ಟ್ರೀಟಿನ ಜಾನ್ಸ್ 1929, ಈಸ್ಟ್ ಹಾರ್ಲೆಮಿನ ಪ್ಯಾಟ್ಸೀಸ್ 1933. ಗ್ಯಾಸ್ ಓವನ್ ಎಲ್ಲಾ ಕಡೆ ಹಬ್ಬಿದ್ದು ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ, ಸ್ಲೈಸ್ ಅಂಗಡಿ ಬೆಳೆದಿದ್ದೂ ಆವಾಗ.

ಕಲ್ಲಿದ್ದಲು ಅಂದ ಕೂಡಲೇ ಹೊಗಿ ವಾಸನಿ ಬರತೈತಿ ಅಂತ ತಿಳೀಬ್ಯಾಡ್ರಿ. ಅವರು ಉರಸೋದು ಆಂಥ್ರಸೈಟ್, ಗಟ್ಟಿ ಕಲ್ಲಿದ್ದಲು, ಹೊಗಿ ಭಾಳ ಕಡಿಮಿ. ಶಾಖ ಒಣಾ ಇರತೈತಿ. ಸೌದಿ ಉರಿದ್ರ ಅದರಾಗಿನ ನೀರು ಆವಿ ಆಗಿ ಒಲಿಯೊಳಗ ತುಂಬತೈತಿ, ಇದರಾಗ ಅದಿಲ್ಲ. ಅದಕ್ಕ ತಳ ಗರಿಗರಿ, ಒಳಗ ಮೆತ್ತಗ. ಮ್ಯಾಲಿನ ಕರಿ ಚುಕ್ಕಿ ಜ್ವಾಳದ ರೊಟ್ಟಿ ಮ್ಯಾಲಿನ ಚುಕ್ಕಿ ಇದ್ದಂಗ, ಅದೇ ರುಚಿ. ಆದ್ರ ಚುಕ್ಕಿ ಇರಬೇಕು, ಇಡೀ ಅಂಚು ಇದ್ದಿಲು ಆಗಿರಬಾರದು. ಹಂಗಿದ್ರ ವಾಪಸ್ ಕೊಡ್ರಿ, ಹೊಸಾದು ಮಾಡಿ ಕೊಡ್ತಾರ.

ಪ್ಯಾಟ್ಸೀಸ್ ಒಂದು ಕಡೆ ಕಲ್ಲಿದ್ದಲ ಒಲಿಯ ಸ್ಲೈಸೂ ಸಿಗತಾವ. ಫಸ್ಟ್ ಅವೆನ್ಯೂ, 117 ಮತ್ತ 118ನೇ ರಸ್ತೆ ನಡುವ. 6 ನಂಬರ್ ರೈಲು, 116ನೇ ರಸ್ತೆ ಸ್ಟೇಷನ್, ಅಲ್ಲಿಂದ ಪೂರ್ವಕ್ಕ ನಡೀರಿ. ಭಾಳ ತೆಳು, ಸಣ್ಣ ತುಂಡು; ಒಬ್ಬರಿಗೆ ಎರಡು ಸಾಲಂಗಿಲ್ಲ, ಮೂರು ಬೇಕು.

ಹಡ್ಸನ್_ದಂಡೆ

ಗಿರ್ಮಿಟ್ ಸರ್ ಹೇಳಿದ ತಾರೀಕುಗಳ ಪಕ್ಕ ಒಂದು ಟಿಪ್ಪಣಿ: ಈಗಿನ ಲೊಂಬಾರ್ಡಿಸ್ 1905ರ ಅಂಗಡಿಯಲ್ಲ. ಹಳೇದು 1984ರಲ್ಲಿ ಮುಚ್ಚಿ, 1994ರಲ್ಲಿ ಅದೇ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಬೇರೆ ಕಟ್ಟಡದಲ್ಲಿ ಮತ್ತೆ ತೆರೆದದ್ದು.

'ಕಲ್ಲಿದ್ದಲಿನ ಒಲೆ ನಿಷೇಧ ಆಯ್ತಂತೆ' ಅಂತ ವಾಟ್ಸಾಪಿನಲ್ಲಿ ಓಡಾಡಿದ್ದು ಪೂರ್ತಿ ನಿಜ ಅಲ್ಲ. 2024ರಲ್ಲಿ ಜಾರಿಗೆ ಬಂದ ನಗರದ ನಿಯಮ ಹೇಳೋದು ಹಳೆ ಕಲ್ಲಿದ್ದಲು, ಸೌದೆ ಒಲೆಗಳು ಹೊಗೆಯ ಕಣಗಳನ್ನ ಶೇ 75ರಷ್ಟು ಇಳಿಸಬೇಕು, ಅದಕ್ಕೆ ಫಿಲ್ಟರ್ ಕೂರಿಸಬೇಕು ಅಂತ. ಒಲೆ ಆರಿಸಿ ಅಂತಲ್ಲ.

ಕುಡ್ಲ_ಟು_ಕ್ವೀನ್ಸ್

ವೆಜ್ ವಿಷಯಕ್ಕೆ ಬರ್ತೇನೆ, ಇದು ಯಾರೂ ಸರಿಯಾಗಿ ಹೇಳುದಿಲ್ಲ ಮಾರಾಯ್ರೆ.

ಪ್ಲೇನ್ ಸ್ಲೈಸ್‌ನಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಹಿಟ್ಟಿಗೆ ಹಾಕುದು ನೀರು, ಉಪ್ಪು, ಯೀಸ್ಟ್, ಸ್ವಲ್ಪ ಎಣ್ಣೆ, ಕೆಲವರು ಸಕ್ಕರೆ. ತೊಂದರೆ ಉಂಟು, ಆದ್ರೆ ಅದು ಚೀಸ್‌ನಲ್ಲಿ. ಹಾಲು ಒಡೆಯಲಿಕ್ಕೆ ರೆನೆಟ್ ಅನ್ನುವ ಎಂಜೈಮ್ ಬೇಕು. ಅಮೆರಿಕದ ಮೊಝರೆಲ್ಲಾ ಬಹುಪಾಲು ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟಲ್ಲಿ ಆಗುದು, ಅದು ತೊಂದರೆ ಇಲ್ಲ. ಆದ್ರೆ ಬೇಯುವ ಮೊದಲು ಅಥವಾ ಕೊನೆಗೆ ಮೇಲಿಂದ ತುರಿದು ಉದುರಿಸುವ ಗಟ್ಟಿ ಚೀಸ್ ಉಂಟಲ್ಲ, ಇಟಲಿಯ ಪೆಕೊರಿನೊ ರೊಮಾನೊ, ಅದಕ್ಕೆ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಆಗ್ಬೇಕು ಅಂತ ನಿಯಮ. ಪಾರ್ಮಿಜಾನೊ ರೆಜಾನೊಗೆ ಕರುವಿನದ್ದು. ಮೇಜಿನ ಮೇಲೆ ಮೆಣಸಿನ ಚೂರಿನ ಡಬ್ಬಿ ಪಕ್ಕದಲ್ಲಿ ಬಿಳಿ ಪುಡಿ ಡಬ್ಬಿ ಇರ್ತದೆ ನೋಡಿ, ಅದೂ ಅಂಥದ್ದೇ ಇರಬಹುದು. ಪ್ಯಾಕೆಟ್ ಲೇಬಲ್ಲಲ್ಲಿ ಬರೀ 'ಎಂಜೈಮ್ಸ್' ಅಂತ ಇದ್ರೆ ಯಾವುದು ಅಂತ ಗೊತ್ತಾಗುದಿಲ್ಲ.

ಹಾಗಾಗಿ ಕೇಳಬೇಕಾದ್ದು ಇಷ್ಟು. ಪೈ ಮೇಲೆ ತುರಿದ ಚೀಸ್ ಹಾಕ್ತೀರಾ, ಹಾಕಿದ್ರೆ ಅದು ಇಟಲಿಯ ಪೆಕೊರಿನೊವಾ? ಇಡೀ ಪೈ ಹೇಳಿದ್ರೆ ಅದನ್ನು ಬಿಟ್ಟು ಮಾಡಿ ಅಂತ ಹೇಳಬಹುದು. ಸ್ಲೈಸ್ ಆದ್ರೆ ಮೊದಲೇ ಹಾಕಿ ಆಗಿರ್ತದೆ, ಏನೂ ಮಾಡ್ಲಿಕ್ಕೆ ಬರುದಿಲ್ಲ. ಎರಡನೇದು ಕತ್ತರಿಸುವ ಚಕ್ರ. ಪೆಪ್ಪರೋನಿ (ಮಾಂಸದ ಸಾಸೇಜ್) ಪೈ ಕತ್ತರಿಸಿದ ಅದೇ ಚಕ್ರದಲ್ಲಿ ವೆಜ್ ಪೈ ಕೂಡ ಕತ್ತರಿಸ್ತಾರೆ. ಹಿರಿಯರಿಗೆ ಅದು ಆಗುದಿಲ್ಲ ಅಂತಾದ್ರೆ ಪೈ ಹೇಳುವಾಗಲೇ ಹೊಸ ಚಕ್ರ ಅಥವಾ ಬೇರೆ ಚಾಕು ಕೇಳಿ. ಜನ ಕಡಿಮೆ ಇರುವಾಗ ಮಾಡಿ ಕೊಡ್ತಾರೆ, ಮಧ್ಯಾಹ್ನ ಒಂದು ಗಂಟೆಗೆ ಕೇಳಿದ್ರೆ ಮುಖ ಗಂಟು.

ಇದ್ಯಾವುದೂ ರಗಳೆ ಬೇಡ ಅಂದ್ರೆ ಒಂದು ದಾರಿ ಉಂಟು: ಕೋಷರ್ ಡೈರಿ ಪಿಜ್ಜಾ ಅಂಗಡಿ. ಯಹೂದಿ ಆಹಾರ ನಿಯಮದಲ್ಲಿ ಹಾಲು ಮತ್ತು ಮಾಂಸ ಒಟ್ಟಿಗೆ ಸೇರುವ ಹಾಗಿಲ್ಲ, ಹಾಗಾಗಿ ಚೀಸ್ ಇರುವ ಅಂಗಡಿಯಲ್ಲಿ ಮಾಂಸ ಒಳಗೇ ಬರುದಿಲ್ಲ. ಓವನ್, ಚಕ್ರ, ತಟ್ಟೆ ಯಾವುದಕ್ಕೂ ತಾಗಿರುದಿಲ್ಲ. ಬ್ರೂಕ್ಲಿನ್‌ನ ಮಿಡ್‌ವುಡ್ ಕಡೆ ಸುಮಾರು ಅಂಗಡಿ ಉಂಟು. ಎರಡು ಎಚ್ಚರಿಕೆ. ಮೀನು ಅವರಿಗೆ ಮಾಂಸದ ಲೆಕ್ಕ ಅಲ್ಲ, ಟ್ಯೂನಾ ಇರಬಹುದು, ಮೊಟ್ಟೆ ತಿಂಡಿಯೂ ಇರಬಹುದು. ಮತ್ತೆ ಶುಕ್ರವಾರ ಸೂರ್ಯ ಮುಳುಗುವ ಮೊದಲು ಬಾಗಿಲು ಹಾಕಿದ್ರೆ ಶನಿವಾರ ಕತ್ತಲೆ ಆಗುವವರೆಗೆ ಬಂದ್.

ವೋಡ್ಕಾ ಸ್ಲೈಸ್ ಅಂತ ಕೆಂಪು-ಕೇಸರಿ ಬಣ್ಣದ್ದು ಎಲ್ಲಾ ಕಡೆ ಕಾಣ್ತದೆ. ಟೊಮೆಟೊ, ಕ್ರೀಮ್ ಜೊತೆ ನಿಜವಾಗಿಯೂ ವೋಡ್ಕಾ ಹಾಕಿ ಕುದಿಸುದು. ಹೆಚ್ಚಿನಂಶ ಆವಿ ಆದ್ರೂ ಪೂರ್ತಿ ಹೋಗುದಿಲ್ಲ. ಅಮ್ಮನಿಗೆ ಕೊಡುವ ಮೊದಲು ಹೇಳಿ ಕೊಡಿ.

ಬಸವನಗುಡಿ_ಬಾಲು

ಕೋಷರ್ ವಿಷಯ ಹೊಳೆದೇ ಇರಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತಾ? ಏಕಾದಶಿ ಒಂದು ನಡುವೆ ಬರುತ್ತೆ.

ಕುಡ್ಲ_ಟು_ಕ್ವೀನ್ಸ್

ಏಕಾದಶಿಗೆ ಪಿಜ್ಜಾವೇ ಬೇಡ ಬಾಲು, ಮೈದಾ ಅಲ್ವಾ! ಹಣ್ಣು ತಿನ್ನಿ. ಬೇರೆ ದಿನ ಬೇಕಾದ್ರೆ 'ವೈಟ್' ಪೈ ಕೇಳಿ: ಟೊಮೆಟೊ ಇಲ್ಲ, ರಿಕೊಟ್ಟಾ ಮತ್ತು ಮೊಝರೆಲ್ಲಾ ಮಾತ್ರ. ಆದ್ರೆ ಕೆಲವು ಕಡೆ ಅದಕ್ಕೇ ಬೆಳ್ಳುಳ್ಳಿ ಎಣ್ಣೆ ಸವರ್ತಾರೆ, ಕೇಳಿ ತಗೊಳ್ಳಿ. ಕೆಂಪು ಸಾಸಿಗೆ ಬೆಳ್ಳುಳ್ಳಿ ಮೊದಲೇ ಬೆರೆಸಿದ್ರೆ ತೆಗೀಲಿಕ್ಕೆ ಆಗುದಿಲ್ಲ.

ಸಂಜೆ_ಆರರ_ಶಟಲ್

ಮಾಸ್ತರು 'ಪದೇ ಪದೇ ಖಾಲಿಯಾಗೋ ಅಂಗಡಿ' ಅಂದ್ರು. ಅಂದ್ರೆ ಮಧ್ಯಾಹ್ನ ಒಂದು ಗಂಟೆ ರಷ್ಷಲ್ಲಿ ಹೋಗೋದು ಒಳ್ಳೇದು ಅಂತಲಾ?

ಮೈದಾ_ಮಾಸ್ತರು

ಅಲ್ಲ, ಅಲ್ಲೇ ಎಡವೋದು. ಡೆಕ್ ಓವನ್ ಅಂದರೆ ಕೆಳಗಡೆ ಉರಿ, ಅದರ ಮೇಲೆ ಕಲ್ಲಿನ ಹಾಸು. ತಣ್ಣನೆಯ 600 ಗ್ರಾಂ ಹಿಟ್ಟು ಬಿದ್ದ ಜಾಗ ಶಾಖ ಕಳಕೊಳ್ಳುತ್ತೆ, ಮತ್ತೆ ಕಾಯೋಕೆ ಕೆಲವು ನಿಮಿಷ ಬೇಕು. ರಷ್ಷಿನಲ್ಲಿ ಪೈ ತೆಗೆದ ಜಾಗಕ್ಕೇ ತಕ್ಷಣ ಇನ್ನೊಂದು ತಳ್ತಾರೆ. ಮೇಲಿನ ಚೀಸ್ ಬೇಗ ಕಂದಾಗುತ್ತೆ, ತಳ ಬಿಳಿಯಾಗೇ ಉಳಿಯುತ್ತೆ. ಅದೇ ಕಾವಲಿಗೆ ಬಿಡುವು ಕೊಡದೆ ದೋಸೆ ಹುಯ್ದರೆ ನಾಲ್ಕನೇದು ಏಳದೆ ಅಂಟುತ್ತಲ್ಲ, ಹಾಗೆ. ನುರಿತವರು ಪೈಗಳನ್ನ ಜಾಗ ಬದಲಿಸಿ ಹಾಕ್ತಾರೆ, ಅರ್ಧ ಬೆಂದಾಗ ತಿರುಗಿಸ್ತಾರೆ. ಅದನ್ನ ಕೌಂಟರಿನಿಂದಲೇ ನೋಡಬಹುದು.

ಹೊಂದುವ ಹೊತ್ತು 11.30ರಿಂದ 12, ಇಲ್ಲವೇ ಸಂಜೆ 5ರ ಸುಮಾರು. ರಷ್ಷಿಗೆ ಅಂತ ಹೊಸ ಪೈಗಳು ಬರ್ತಿರುತ್ತವೆ, ಕಲ್ಲು ಇನ್ನೂ ದಣಿದಿರಲ್ಲ. ಮಧ್ಯಾಹ್ನ 3 ಗಂಟೆಯ ಸ್ಲೈಸ್ ಬಹುತೇಕ 1 ಗಂಟೆಯದೇ.

ಇನ್ನೊಂದು ಮಾತು. ಸ್ಲೈಸನ್ನ ಮತ್ತೆ ಬಿಸಿ ಮಾಡಿ ಕೊಡ್ತಾರೆ ಅಂತ ಬೇಸರ ಬೇಡ. ಮೊದಲ ಸಲ ಬೆಂದು ತಣಿದಾಗ ತಳದ ತೇವ ಸ್ವಲ್ಪ ಹೋಗಿರುತ್ತೆ, ಎರಡನೇ ಶಾಖಕ್ಕೆ ಅದು ಇನ್ನಷ್ಟು ಗರಿ ಆಗುತ್ತೆ. ಅರ್ಧ ಗಂಟೆ ಕೂತ ಸ್ಲೈಸ್ ಬಿಸಿ ಮಾಡಿದ್ದು ಆಗಷ್ಟೇ ಬೆಂದ ಪೈಗಿಂತ ಮೇಲು ಅಂತ ನನ್ನ ವಾದ. ಎರಡು ಗಂಟೆ ಕೂತಿದ್ದಕ್ಕೆ ಈ ಮಾತು ಸಲ್ಲ. ಮೈಕ್ರೋವೇವ್ ಕಂಡರೆ ಹಿಂತಿರುಗಿ ಬನ್ನಿ.

ಹುಬ್ಬಳ್ಳಿ_ಗಿರ್ಮಿಟ್

ಬಿಸಿ ಮಾಡಿದ್ದು ಆಗಷ್ಟೇ ಬೆಂದ ಪೈಗಿಂತ ಮೇಲಾ? ಮಾಸ್ತರ, ಇದು ನಿನ್ನೆಯ ರೊಟ್ಟಿ ಇವತ್ತಿನ ರೊಟ್ಟಿಗಿಂತ ಚಲೋ ಅಂದಂಗಾತು.

ಮೈದಾ_ಮಾಸ್ತರು

ಕಟಕ್ ರೊಟ್ಟಿ ಊರಿನವರು ಈ ಪ್ರಶ್ನೆ ಕೇಳ್ತೀರಾ ಸರ್?

ಹುಬ್ಬಳ್ಳಿ_ಗಿರ್ಮಿಟ್

ಅದು ಖರೇ ಐತಿ. ಸೋತೆ.

ಕೊಡಗಿನ_ಕಿತ್ತಳೆ

ನ್ಯೂಯಾರ್ಕಿನ ನೀರಿಂದಲೇ ಆ ರುಚಿ ಬರೋದು, ಬೇರೆ ಊರಲ್ಲಿ ಬರಲ್ಲ ಅಂತ ಕೇಳಿದ್ದು. ನಿಜವಾ?

ಮೈದಾ_ಮಾಸ್ತರು

ಬಹಳ ಹಳೆಯ ಕತೆ. ಕ್ಯಾಟ್ಸ್‌ಕಿಲ್ ಬೆಟ್ಟ, ಡೆಲವೇರ್ ಕಡೆಯಿಂದ ಬರುವ ನೀರು ಮೆದು, ನಿಜ. ಗಡಸು ನೀರಲ್ಲಿ ನಾದಿದ ಹಿಟ್ಟು ಸ್ವಲ್ಪ ಬಿಗಿಯಾಗುತ್ತೆ, ಮೆದು ನೀರಲ್ಲಿ ಸ್ವಲ್ಪ ಸಡಿಲ. ಆದರೆ ಆ ವ್ಯತ್ಯಾಸವನ್ನ ಎರಡು ಚಮಚ ನೀರು ಹೆಚ್ಚು ಕಡಿಮೆ ಮಾಡಿ ಸರಿದೂಗಿಸಬಹುದು. ಅಸಲಿ ಕಾರಣ ಹಿಟ್ಟು. ಶೇ 13.5ರಿಂದ 14 ಪ್ರೋಟೀನಿನ ಗೋಧಿ ಹಿಟ್ಟು. ನಮ್ಮ ಮೈದಾ ಶೇ 10ರ ಆಸುಪಾಸು. ಅದಕ್ಕೇ ಅದನ್ನ 18 ಇಂಚಿಗೆ ಎಳೆದರೂ ಹರಿಯಲ್ಲ, ಕಚ್ಚಿದರೆ ಅಗಿಯುವಂತಿರುತ್ತೆ. ಎರಡನೇದು ಚೀಸ್: ತೇವ ಕಡಿಮೆ ಇರುವ ಪೂರ್ತಿ ಕೆನೆಯ ಮೊಝರೆಲ್ಲಾ. ಅದರಿಂದಲೇ ಆ ಕಿತ್ತಳೆ ಬಣ್ಣದ ಎಣ್ಣೆ ಚುಕ್ಕೆಗಳು. ಕಾಗದದ ಕರವಸ್ತ್ರ ಒತ್ತಿ ಎಣ್ಣೆ ತೆಗೆದರೆ ಯಾರೂ ನಗಲ್ಲ.

ಹಿಟ್ಟಿನ ಮಾತು ಬಂತು ಅಂತ ಇದೂ ತಿಳಿದಿರಲಿ. ಅಲ್ಲಿನ ಹಲವು ಹಳೇ ಅಂಗಡಿಗಳು ಪೊಟ್ಯಾಶಿಯಂ ಬ್ರೋಮೇಟ್ ಬೆರೆಸಿದ ಹಿಟ್ಟು ಬಳಸ್ತವೆ. ಹಿಟ್ಟಿಗೆ ಕಸುವು ಕೊಡುತ್ತೆ, ಪೈ ಚೆನ್ನಾಗಿ ಉಬ್ಬುತ್ತೆ. ಭಾರತದಲ್ಲಿ 2016ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನ ನಿಷೇಧಿಸಿತು, ಯುರೋಪಿನಲ್ಲೂ ಬಿಡಲ್ಲ, ಕ್ಯಾಲಿಫೋರ್ನಿಯಾ 2027ರಿಂದ ನಿಲ್ಲಿಸಲು ಕಾನೂನು ಮಾಡಿದೆ. ಬೇಡ ಅನ್ನೋರು 'ಅನ್‌ಬ್ರೋಮೇಟೆಡ್ ಹಿಟ್ಟಾ' ಅಂತ ಕೇಳಬಹುದು. ಹೊಸ ತಲೆಮಾರಿನ ಅಂಗಡಿಗಳು ಇದನ್ನ ಗೋಡೆ ಮೇಲೇ ಬರೆದುಕೊಂಡಿರ್ತವೆ. ಆರ್ಚರ್ಡ್ ಸ್ಟ್ರೀಟಿನ ಸ್ಕಾರ್ಸ್ ತಾನೇ ಗೋಧಿ ಬೀಸುವುದಕ್ಕೆ ಹೆಸರಾಗಿದೆ.

ಹಡ್ಸನ್_ದಂಡೆ

ಈಗ ದಾರಿ. ಜರ್ನಲ್ ಸ್ಕ್ವೇರಿಂದ 33ನೇ ರಸ್ತೆ ಕಡೆ ಹೋಗುವ ಪಾತ್ ರೈಲು ಹತ್ತಿ ಕ್ರಿಸ್ಟೋಫರ್ ಸ್ಟ್ರೀಟಲ್ಲಿ ಇಳೀರಿ. ಪಾತ್ ಬೇರೆ, ನಗರದ ಸಬ್‌ವೇ ಬೇರೆ, ಎರಡಕ್ಕೂ ಬೇರೆ ಬೇರೆ ದುಡ್ಡು. ಅದಕ್ಕೇ ಕೆಳಗಿನ ಮೂರು ಅಂಗಡಿ ನಡೆದೇ ಮುಗಿಸಿ.

ಅದೇ ಕ್ರಿಸ್ಟೋಫರ್ ಸ್ಟ್ರೀಟಲ್ಲಿ ಲಿಂಡಸ್ತ್ರಿ, ವಿಲಿಯಮ್ಸ್‌ಬರ್ಗಿನದರ ಎರಡನೇ ಅಂಗಡಿ. ಬಿಸಿ ಸ್ಲೈಸ್ ಮೇಲೆ ತಣ್ಣನೆ ಬುರಾಟಾ (ಒಳಗೆ ಕೆನೆ ತುಂಬಿದ ಮೆತ್ತನೆ ಚೀಸ್) ಇಡುವುದು ಇವರ ವಿಶೇಷ. ಬುರಾಟಾ ಕರಗಿ ನೀರು ಬಿಡುವ ಮೊದಲು, ಅಂದರೆ ಎರಡು ನಿಮಿಷದೊಳಗೆ ತಿನ್ನಬೇಕು. ಫೋಟೋ ಆಮೇಲೆ.

ಅಲ್ಲಿಂದ ಬ್ಲೀಕರ್ ಸ್ಟ್ರೀಟ್ ಹಿಡಿದು ಆಗ್ನೇಯಕ್ಕೆ ನಡೆದರೆ 278ನೇ ನಂಬರು ಜಾನ್ಸ್. ಮರದ ಬೆಂಚುಗಳಿವೆ, ಕೂರಬಹುದು. ಸ್ಲೈಸ್ ಇಲ್ಲ, ಇಡೀ ಪೈ ಮಾತ್ರ. ಜೇಬಲ್ಲಿ ನಗದು ಇಟ್ಟುಕೊಂಡೇ ಹೋಗಿ. ಮುಂದೆ ನಾಲ್ಕು ಹೆಜ್ಜೆ, ಬ್ಲೀಕರ್ ಮತ್ತು ಕಾರ್ಮೈನ್ ಸೇರುವ ಕಡೆ ಜೋಸ್, 1975ರದು. ಪ್ಲೇನ್ ಸ್ಲೈಸ್ ಹೇಗಿರಬೇಕು ಅನ್ನೋದಕ್ಕೆ ಅಳತೆಗೋಲು. ಕೂರೋಕೆ ಜಾಗ ಇಲ್ಲ ಅಂತಲೇ ಇಟ್ಟುಕೊಳ್ಳಿ. ಎದುರು ಸಣ್ಣ ಪಾರ್ಕಿನ ಬೆಂಚು ಇದೆ, ಅಪ್ಪ ಅಮ್ಮನ್ನ ಅಲ್ಲಿ ಕೂರಿಸಿ ನೀವು ತಂದುಕೊಡಿ.

ಮೂರೂ ಕಡೆ ಒಂದೇ ದಿನ ಹೊಟ್ಟೆ ತುಂಬಾ ತಿನ್ನೋಕೆ ಹೋಗಬೇಡಿ. ನಾಲ್ಕು ಜನಕ್ಕೆ ಎರಡು ಸ್ಲೈಸ್, ಮಧ್ಯದಲ್ಲಿ ಕತ್ತರಿಸಿ ಕೊಡಿ ಅಂದರೆ ಕೊಡ್ತಾರೆ.

ಇನ್ನೊಂದು ದಿನ ಬ್ರೂಕ್ಲಿನ್. ಕ್ಯೂ ರೈಲು, ಅವೆನ್ಯೂ ಜೆ ಸ್ಟೇಷನ್. ಇಳಿದರೆ ಡಿ ಫಾರಾ, 1965ರದು. ಡೊಮೆನಿಕೊ ಡಿಮಾರ್ಕೊ ಅನ್ನೋರು ದಶಕಗಟ್ಟಲೆ ಒಂದೊಂದು ಪೈಯನ್ನೂ ತಾವೇ ಮಾಡಿ, ಮೇಲೆ ಕತ್ತರಿಯಿಂದ ತುಳಸಿ ಜಾತಿಯ ಬೇಸಿಲ್ ಎಲೆ ಕತ್ತರಿಸಿ ಉದುರಿಸ್ತಿದ್ದರು. 2022ರಲ್ಲಿ ತೀರಿಕೊಂಡರು, ಈಗ ಮನೆಯವರು ನಡೆಸ್ತಾರೆ. ಎಣ್ಣೆ ಧಾರಾಳ. ಕುಡ್ಲದವರು ಹೇಳಿದ ಕೋಷರ್ ಅಂಗಡಿಗಳೂ ಇದೇ ಮಿಡ್‌ವುಡ್ಡಿನಲ್ಲಿವೆ, ಆದರೆ ಡಿ ಫಾರಾ ಅವುಗಳಲ್ಲಿ ಒಂದಲ್ಲ. ಹಾಗಾಗಿ ನೀವು ಅಲ್ಲಿ, ಹಿರಿಯರು ಇಲ್ಲಿ, ಎರಡೂ ಒಂದೇ ನಡಿಗೆಯಲ್ಲಿ ಆಗುತ್ತೆ. ಅದೇ ಕ್ಯೂ ರೈಲಲ್ಲಿ ಮುಂದೆ ಹೋದರೆ ಕೊನೆ ಸ್ಟೇಷನ್ ಕೋನಿ ಐಲ್ಯಾಂಡ್, ಸಮುದ್ರ.

ಹೊರಡುವ ಮುನ್ನ ಆವತ್ತಿನ ಸಮಯ ನೋಡಿಕೊಳ್ಳಿ. ವಾರದಲ್ಲಿ ಒಂದೆರಡು ದಿನ ಮುಚ್ಚುವ ಅಂಗಡಿಗಳಿವೆ, ಹಿಟ್ಟು ಮುಗಿದರೆ ಬಾಗಿಲು ಹಾಕುವ ಅಂಗಡಿಗಳೂ ಇವೆ.

ಸಂಜೆ_ಆರರ_ಶಟಲ್

ಬ್ರೂಕ್ಲಿನ್ ಅಂದ ಮೇಲೆ ಎಲ್ ಅಂಡ್ ಬಿ ಸ್ಪುಮೋನಿ ಗಾರ್ಡನ್ಸ್ ಬಿಟ್ಟರೆ ಹೇಗೆ? ಡಿ ರೈಲು, 25ನೇ ಅವೆನ್ಯೂ. ಚೌಕ ಸ್ಲೈಸ್, ಚೀಸ್ ಕೆಳಗೆ, ಸಾಸು ಮೇಲೆ. ಹೊರಗೆ ಅಂಗಳದಲ್ಲಿ ಮೇಜುಗಳಿವೆ, ವಯಸ್ಸಾದವರಿಗೆ ಆರಾಮ. ಮೂಲೆ ತುಂಡು ಕೇಳಿ, ಎರಡು ಕಡೆ ಗರಿ ಅಂಚು ಸಿಗುತ್ತೆ.

ಮೈದಾ_ಮಾಸ್ತರು

ಮೂಲೆ ತುಂಡಿಗೆ ಒಪ್ಪಿಗೆ. ನಡುವಿನ ತುಂಡಲ್ಲಿ ಸಾಸಿನ ಕೆಳಗಿನ ಹಿಟ್ಟು ಒಂದಿಷ್ಟು ಹಸಿಯಾಗಿಯೇ ಇರುತ್ತೆ. ಅವರಿಗೆ ಅದು ಶೈಲಿ, ನನ್ನ ಪ್ರಕಾರ ಅದೇ ಬೂದು ಗೆರೆ. ಜಗಳಕ್ಕೆ ತಯಾರಿದ್ದೇನೆ.

ಕೊಡಗಿನ_ಕಿತ್ತಳೆ

ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ.

ಹಡ್ಸನ್_ದಂಡೆ

ಒಳ್ಳೆ ಅಂಗಡಿಯ ಪ್ಲೇನ್ ಸ್ಲೈಸ್ 4 ಡಾಲರ್ ಆಸುಪಾಸು, ಮೇಲೆ ಏನಾದರೂ ಇದ್ದರೆ 5-7. ಇದರ ಮೇಲೆ ಮಾರಾಟ ತೆರಿಗೆ ಶೇ 8.875. ಬೋರ್ಡಿನ ಬೆಲೆಯಲ್ಲಿ ತೆರಿಗೆ ಸೇರಿದೆಯಾ ಇಲ್ಲವಾ ಅಂತ ಒಂದೊಂದು ಕಡೆ ಒಂದೊಂದು ರೀತಿ. ಕೌಂಟರಲ್ಲಿ ಟಿಪ್ಸ್ ಕಡ್ಡಾಯ ಅಲ್ಲ. ಕಾರ್ಡ್ ಯಂತ್ರ ತಿರುಗಿಸಿ ಶೇ 20 ತೋರಿಸಿದರೆ ಗಾಬರಿ ಬೇಡ, 'ಬೇಡ' ಅನ್ನೋ ಗುಂಡಿಯೂ ಅಲ್ಲೇ ಇರುತ್ತೆ. ಮೇಜಿಗೆ ತಂದು ಬಡಿಸಿದರೆ ಶೇ 18-20 ಕೊಡೋದು ವಾಡಿಕೆ.

ಸ್ಲೈಸಿನ ಬೆಲೆಯೂ ಸಬ್‌ವೇ ಟಿಕೆಟ್ಟಿನ ಬೆಲೆಯೂ ಜೊತೆಜೊತೆಗೆ ಏರುತ್ತೆ ಅಂತ 1980ರಿಂದ ಆ ಊರಲ್ಲಿ ಒಂದು ಮಾತಿದೆ. ಈಗ ಸ್ಲೈಸ್ ಮುಂದೆ ಓಡಿದೆ. ಸಬ್‌ವೇ 2026ರ ಜನವರಿಯಿಂದ 3 ಡಾಲರ್. ಒಂದು ಡಾಲರ್ ಸ್ಲೈಸ್ ಅಂತ ಹೆಸರಾಗಿದ್ದ ಅಂಗಡಿಗಳೂ ಹೆಚ್ಚಿನವು ಈಗ ಒಂದೂವರೆ ತಗೊಳ್ತವೆ. ತೆಳು ಚೀಸ್, ಅವತ್ತಿನ ಹಿಟ್ಟು, ಆದರೆ ಯಾವಾಗಲೂ ಬಿಸಿ. ರಾತ್ರಿ ಹನ್ನೊಂದಕ್ಕೆ ಹಸಿವಾದರೆ ಅಲ್ಲಿಗೇ ಹೋಗಿ, ಹುಡುಕಿಕೊಂಡು ಹೋಗುವ ಜಾಗ ಅಲ್ಲ.

ಕಿಟಕಿಯಲ್ಲಿ ನೀಲಿ 'ಎ' ಕಾಗದ ಕಾಣುತ್ತೆ. ಅದು ಆರೋಗ್ಯ ಇಲಾಖೆಯ ತಪಾಸಣೆ: 13 ಅಂಕದವರೆಗೆ ಎ, 14ರಿಂದ 27 ಬಿ, 28 ಅಥವಾ ಅದಕ್ಕಿಂತ ಹೆಚ್ಚಾದರೆ ಸಿ. ಅಂಕ ಹೆಚ್ಚಾದಷ್ಟೂ ಕೆಟ್ಟದ್ದು, ನಮ್ಮ ಪರೀಕ್ಷೆಯ ಉಲ್ಟಾ. ಇದು ಶುಚಿಯ ಲೆಕ್ಕ, ರುಚಿಯದಲ್ಲ.

ಕುಡ್ಲ_ಟು_ಕ್ವೀನ್ಸ್

ಜರ್ನಲ್ ಸ್ಕ್ವೇರಲ್ಲಿ ಇಳಿದವರಿಗೆ ಬಗಲಲ್ಲೇ ಒಂದುಂಟು, ಮರೆತೇ ಬಿಟ್ರಿ. ಅದೇ ಪಾತ್ ರೈಲಲ್ಲಿ ಒಂದೇ ಸ್ಟೇಷನ್, ಗ್ರೋವ್ ಸ್ಟ್ರೀಟ್. ರಾಝಾ. 2017ರಲ್ಲಿ ನ್ಯೂಯಾರ್ಕ್ ಟೈಮ್ಸಿನ ಪೀಟ್ ವೆಲ್ಸ್ ಮೂರು ಸ್ಟಾರ್ ಕೊಟ್ಟು, ನ್ಯೂಯಾರ್ಕಿನ ಬೆಸ್ಟ್ ಪಿಜ್ಜಾ ನ್ಯೂಜರ್ಸಿಯಲ್ಲಿ ಉಂಟಾ ಅಂತ ಕೇಳಿದ ಅಂಗಡಿ. ಸೌದೆ ಒಲೆ, ಆದ್ರೆ ನೇಪಲ್ಸಿನ ಹಾಗೆ ಒದ್ದೆ ಅಲ್ಲ, ಗರಿಗರಿ. ಸಂಜೆಯ ಜಾಗ, ಮೊದಲೇ ಮೇಜು ಕಾದಿರಿಸಿ. ಚೀಸ್ ಪ್ರಶ್ನೆ ಅಲ್ಲಿಯೂ ಕೇಳಿ.

ಬಸವನಗುಡಿ_ಬಾಲು

ಎಲ್ಲ ಬರೆದುಕೊಂಡೆ. ಎರಡು ಸಣ್ಣ ಪ್ರಶ್ನೆ: ನಾಲ್ಕು ಜನಕ್ಕೆ ಒಂದು ಇಡೀ ಪೈ ಸಾಕಾ? ಉಳಿದದ್ದನ್ನ ರಾತ್ರಿ ಬಿಡಾರದಲ್ಲಿ ಬಿಸಿ ಮಾಡೋದು ಹೇಗೆ? ಅಲ್ಲಿ ಒಲೆ ಇದೆ, ಓವನ್ ಇಲ್ಲ. ಅಮ್ಮ ಕಾವಲಿ ತರ್ತಾರಂತೆ.

ಮೈದಾ_ಮಾಸ್ತರು

18 ಇಂಚಿನ ಪೈ ನಾಲ್ಕು ಜನಕ್ಕೆ ಎರಡೆರಡು ತುಂಡು, ಸಾಕು. ಕಲ್ಲಿದ್ದಲಿನ 16 ಇಂಚಿನದು ತೆಳು. ವಿಸ್ತೀರ್ಣದಲ್ಲೇ ಐದನೇ ಒಂದು ಭಾಗ ಕಡಿಮೆ. ಇಬ್ಬರು ಚೆನ್ನಾಗಿ ತಿನ್ನುವವರಿದ್ದರೆ ಎರಡು ಪೈ ಹೇಳಿ.

ಡಬ್ಬಿ ಮುಚ್ಚಳ ಪೂರ್ತಿ ಮುಚ್ಚಿ ತರಬೇಡಿ, ಆವಿಗೆ ತಳ ಮೆತ್ತಗಾಗುತ್ತೆ. ಒಂದು ಮೂಲೆ ತೆರೆದಿಡಿ. ಕಾವಲಿ ಇದ್ದರೆ ಓವನ್ ಯಾಕೆ! ಒಣ ಕಾವಲಿ, ಎಣ್ಣೆ ಬೇಡ, ಸಣ್ಣ ಉರಿ. ತುಂಡು ಇಟ್ಟು ಮೂರು ನಿಮಿಷ ಮುಟ್ಟಬೇಡಿ. ತಳ ಗರಿಯಾದ ಮೇಲೆ ಕಾವಲಿಯ ಖಾಲಿ ಜಾಗಕ್ಕೆ, ತುಂಡಿಗೆ ತಾಗದ ಹಾಗೆ, ನಾಲ್ಕೈದು ಹನಿ ನೀರು ಚಿಮುಕಿಸಿ ತಕ್ಷಣ ಮುಚ್ಚಳ ಮುಚ್ಚಿ. ಆ ಆವಿಗೆ ಒಂದು ನಿಮಿಷದಲ್ಲಿ ಚೀಸ್ ಕರಗುತ್ತೆ. ನೀರು ಮೊದಲೇ ಹಾಕಿದರೆ ತಳ ಅಂಟಾಗುತ್ತೆ, ಉರಿ ಜೋರಿದ್ದರೆ ಚೀಸ್ ಕರಗುವ ಮೊದಲೇ ತಳ ಸೀಯುತ್ತೆ. ಫ್ರಿಜ್ಜಿಂದ ತೆಗೆದದ್ದಾದರೆ ಹತ್ತು ನಿಮಿಷ ಹೊರಗಿಟ್ಟು ಶುರು ಮಾಡಿ.

ಅಮ್ಮನ ಕಾವಲಿ ಎರಕದ್ದೋ ನಾನ್‌ಸ್ಟಿಕ್ಕೋ? ನಾನ್‌ಸ್ಟಿಕ್ ಆದರೆ ಖಾಲಿ ಕಾಯಿಸಬೇಡಿ, ತುಂಡು ಇಟ್ಟ ಮೇಲೇ ಒಲೆ ಹಚ್ಚಿ.

ಬಸವನಗುಡಿ_ಬಾಲು

ಎರಕದ್ದು. ಎರಡೂವರೆ ಕೆಜಿ. ಲಗೇಜಿನ ಲೆಕ್ಕ ಈಗ ಬೇರೆ ಹಾಕಬೇಕು.